ಲಾಂಗ್ ಕೇಸ್ ಬಿಟ್ಟು ಪೂರ್ತಿ ಆಸ್ಕಿಗೆ ಹೋಗೋಣವೇ? ಕಲಿಸುವವರು, ಕಲಿಯುವವರು ಇಬ್ಬರೂ ಹೇಳಿ

ವಾರ್ಡ್ ರೌಂಡ್ಸ್ (ಚರ್ಚೆ ಆರಂಭಿಸಿದವರು)

ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಜನರಲ್ ಮೆಡಿಸಿನ್ ಕಲಿಸುತ್ತೇನೆ. ಬ್ಯಾಚಿಗೆ 150 ಮಕ್ಕಳು. ಮುಂದಿನ ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜೇ ನಡೆಸುವ ಪರೀಕ್ಷೆಯಲ್ಲಿ, ಲಾಂಗ್ ಕೇಸ್ ತೆಗೆದು ಪೂರ್ತಿ ಓ.ಎಸ್.ಸಿ.ಇ., ಅಂದರೆ ನಾವೆಲ್ಲ ಆಸ್ಕಿ ಅನ್ನುವ ಪರೀಕ್ಷೆಯನ್ನೇ ಇಡಬೇಕು ಎಂದು ವಿಭಾಗದಲ್ಲಿ ಅರ್ಧ ಜನ ಪಟ್ಟು ಹಿಡಿದಿದ್ದಾರೆ. ಇನ್ನರ್ಧ ಜನ ಅದನ್ನು ನಾಟಕ ಅನ್ನುತ್ತಿದ್ದಾರೆ.

ಈ ರಂಗದವರಲ್ಲದವರಿಗಾಗಿ ಎರಡು ಮಾತು. 2019ರ ಆಗಸ್ಟ್‌ನಲ್ಲಿ ಸೇರಿದ ಎಂಬಿಬಿಎಸ್ ಬ್ಯಾಚಿನಿಂದ ದೇಶದಲ್ಲೆಲ್ಲ ಸಾಮರ್ಥ್ಯ ಆಧಾರಿತ ಪಠ್ಯಕ್ರಮ, ಸಿಬಿಎಂಇ, ಜಾರಿಗೆ ಬಂತು. ಅಲ್ಲಿಯವರೆಗೆ ನಡೆದದ್ದು 1997ರ ನಿಯಮಗಳ ಮೇಲೆ. ಹೊಸದರಲ್ಲಿ ಪ್ರತಿ ಸಾಮರ್ಥ್ಯದ ಮುಂದೆಯೂ ಒಂದು ಅಕ್ಷರವಿದೆ: ಕೆ ಅಂದರೆ ತಿಳಿದಿರಬೇಕು, ಕೆಎಚ್ ಅಂದರೆ ಹೇಗೆಂದು ತಿಳಿದಿರಬೇಕು, ಎಸ್‌ಎಚ್ ಅಂದರೆ ಮಾಡಿ ತೋರಿಸಬೇಕು, ಪಿ ಅಂದರೆ ಸ್ವತಂತ್ರವಾಗಿ ಮಾಡಬೇಕು. ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಬರೆದ, ತಿಳಿಯುವುದರಿಂದ ಮಾಡುವವರೆಗಿನ ಮೆಟ್ಟಿಲುಗಳ ಪಿರಮಿಡ್ಡಿನ ನೆರಳು ಇದು. 'ಮಾಡಿ ತೋರಿಸಬೇಕು' ಎಂದ ಮೇಲೆ ಥಿಯರಿ ಪೇಪರಿನಲ್ಲಿ ಅದನ್ನು ಅಳೆಯುವುದು ಹೇಗೆ? ಹಾಗಾಗಿ ಆಸ್ಕಿ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪದ್ಧತಿ. ಸಾಲಾಗಿ ಸ್ಟೇಷನ್‌ಗಳು, ಒಂದೊಂದರಲ್ಲೂ ಒಂದೇ ಕೆಲಸ, ಗಂಟೆ ಹೊಡೆದರೆ ಮುಂದಿನದಕ್ಕೆ ಹೋಗಬೇಕು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಚೆಕ್‌ಲಿಸ್ಟ್.

ಲಾಂಗ್ ಕೇಸ್ ಎಲ್ಲರಿಗೂ ಗೊತ್ತು. ಒಬ್ಬ ರೋಗಿ, ಮುಕ್ಕಾಲು ಗಂಟೆ, ಆಮೇಲೆ ಪರೀಕ್ಷಕರ ಎದುರು ಕೂತು ಬೆವರುವುದು. ನಾನಿನ್ನೂ ಯಾವ ಕಡೆಗೂ ವಾಲಿಲ್ಲ. ಬೈದರೂ ಪರವಾಗಿಲ್ಲ, ಕಾರಣ ಕೊಟ್ಟು ಬೈಯಿರಿ.

ಗಂಟೆ ಹೊಡೆಯುವವನು

ಮೊದಲು ಲೆಕ್ಕ ಹಾಕಿ ಸರ್, ತತ್ವ ಆಮೇಲೆ. ನಮ್ಮಲ್ಲಿ ಆಸ್ಕಿ ದಿನ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೆಲಸ ನನ್ನದೇ, ಅದಕ್ಕೇ ಈ ಹೆಸರು.

150 ಮಕ್ಕಳು, 10 ಸ್ಟೇಷನ್, ತಲಾ 5 ನಿಮಿಷ, ಜಾಗ ಬದಲಿಸಲು 1 ನಿಮಿಷ. ಹತ್ತು ಜನರ ಒಂದು ಸುತ್ತಿಗೆ 1 ಗಂಟೆ. 15 ಸುತ್ತು ಅಂದರೆ 15 ಗಂಟೆ. ಎರಡು ಸರ್ಕಿಟ್ ಒಟ್ಟಿಗೆ ಓಡಿಸಿದರೆ ಏಳೂವರೆ ಗಂಟೆಗೆ ಇಳಿಯುತ್ತದೆ, ಆದರೆ 20 ಟೇಬಲ್ ಬೇಕು. ಇಸಿಜಿ ಓದುವುದು, ಎಕ್ಸ್‌ರೇ ನೋಡಿ ಬರೆಯುವುದು ಇಂಥ ಜನವಿಲ್ಲದ ಸ್ಟೇಷನ್ ಅರ್ಧ ಇಟ್ಟರೂ ಹತ್ತು ಬೋಧಕರು ಇಡೀ ದಿನ ಕುರ್ಚಿ ಬಿಡುವಂತಿಲ್ಲ. ಆವತ್ತು ಓಪಿಡಿ ಯಾರು ನೋಡುತ್ತಾರೆ?

ಇದರ ಪರಿಣಾಮ ಏನಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಜನ ಸಾಲದೆ ಹೋದಾಗ ಜನವಿಲ್ಲದ ಸ್ಟೇಷನ್‌ಗಳೇ ಹೆಚ್ಚುತ್ತವೆ. ಕೊನೆಗೆ ಉಳಿಯುವುದು ಚಿತ್ರ ನೋಡಿ ಉತ್ತರ ಬರೆಯುವ ಪರೀಕ್ಷೆ. ನಮ್ಮ ಕಾಲದ ಸ್ಪಾಟರ್ಸ್! ಬೋರ್ಡಿನ ಮೇಲೆ ಮಾತ್ರ ಆಸ್ಕಿ ಅಂತ ಇರುತ್ತದೆ.

ಹಳೇ ಪರೀಕ್ಷಕ

ನಿವೃತ್ತನಾಗಿ ಕೆಲವು ವರ್ಷವಾಯಿತು. ಲಾಂಗ್ ಕೇಸಿನ ಪರ ನಾನು ನಿಲ್ಲುತ್ತೇನೆ, ಆದರೆ ಅದರ ಹುಳುಕು ಮುಚ್ಚಿಡುವುದಿಲ್ಲ.

ಪರೀಕ್ಷೆಗೆ ಬರುವ ರೋಗಿಗಳೇ ಒಂದು ಪಂಗಡ. ಗುಲ್ಮ ಊದಿದವರು, ಹೃದಯದಲ್ಲಿ ಮರ್ಮರ್ ಇರುವವರು, ಹಳೆಯ ಪಾರ್ಶ್ವವಾಯುವಿನವರು. ವರ್ಷಕ್ಕೆರಡು ಸಲ ಕರೆಸಿ, ಊಟ, ಬಸ್ ಚಾರ್ಜು ಕೊಟ್ಟು ಮಲಗಿಸುತ್ತಿದ್ದೆವು. ಅವರಿಗೆ ತಮ್ಮ ಕಾಯಿಲೆಯ ಇಂಗ್ಲಿಷ್ ಹೆಸರು ಬಾಯಿಪಾಠ. ಹುಡುಗ ಮುಖ ಸಣ್ಣಗೆ ಮಾಡಿಕೊಂಡು ಕೂತರೆ "ಮೈಟ್ರಲ್ ಸ್ಟೆನೋಸಿಸ್ ಬರ್ಕೊಳಪ್ಪ, ಹೋದ ಸಲದ ಡಾಕ್ಟ್ರೂ ಅದೇ ಬರೆದ್ರು" ಅನ್ನುವ ಕರುಣಾಳುಗಳು. ಇನ್ನು ಅದೃಷ್ಟ. ಒಬ್ಬನಿಗೆ ಸಲೀಸಾದ ಪ್ಲೂರಲ್ ಎಫ್ಯೂಷನ್, ಪಕ್ಕದವಳಿಗೆ ಯಾರಿಗೂ ಬಿಡಿಸಲಾಗದ ನರರೋಗ. ಇಬ್ಬರಿಗೂ ಒಂದೇ ಅಂಕಪಟ್ಟಿ. ಇದು ಅನ್ಯಾಯ, ಒಪ್ಪಿದೆ.

ಆದರೂ ಯಾಕೆ ಬೇಕು ಅಂದರೆ, ರೋಗಿ ನಿಮ್ಮ ಮುಂದೆ ಐದೈದು ನಿಮಿಷದ ತುಂಡುಗಳಾಗಿ ಬರುವುದಿಲ್ಲ. ಎಪ್ಪತ್ತು ವರ್ಷದ ಅಜ್ಜಿಗೆ ಸಕ್ಕರೆ ಕಾಯಿಲೆಯೂ ಇದೆ, ಮಂಡಿ ನೋವೂ ಇದೆ, ಮಗ ಮನೆ ಬಿಟ್ಟು ಹೋದ ಸಂಕಟವೂ ಇದೆ. ಇದೆಲ್ಲ ಕೇಳಿ, ಇದರಲ್ಲಿ ಇವತ್ತು ಮುಖ್ಯ ಯಾವುದು ಎಂದು ಆರಿಸುವುದೇ ವೈದ್ಯನ ಕೆಲಸ. ಆ ಆಯ್ಕೆಯನ್ನು ಪರೀಕ್ಷಿಸುವ ಸ್ಟೇಷನ್ ಯಾವುದು ತೋರಿಸಿ.

ಇಂಟರ್ನ್ ಹುಡುಗ

ಸರ, ನೀವೆಲ್ಲಾ ಪರೀಕ್ಷಾ ಪರೀಕ್ಷಾ ಅಂತೀರಿ. ಲಾಗ್‌ಬುಕ್ ಬಗ್ಗೆ ಯಾರೂ ಮಾತಾಡವಲ್ರಿ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ. ಪ್ರತಿ ಕೆಲಸದ ಮುಂದ ಕಾಲಂ ಇರ್ತಾವ್ರಿ. ಮೊದಲನೇ ಸಲಾನೋ, ಮತ್ತೊಮ್ಮೆನೋ, ರೆಮಿಡಿಯಲ್ಲೋ. ಆಮ್ಯಾಲ ರೇಟಿಂಗ್: ಬಿ ಅಂದ್ರ ನಿರೀಕ್ಷೆಗಿಂತ ಕಡಿಮಿ, ಎಂ ಅಂದ್ರ ನಿರೀಕ್ಷೆಯಷ್ಟು, ಇ ಅಂದ್ರ ಹೆಚ್ಚು. ಆಮ್ಯಾಲ ಸರ್ ಸಹಿ, ತಾರೀಖು, ಫೀಡ್‌ಬ್ಯಾಕ್ ಸಿಕ್ತು ಅಂತ ನಮ್ಮ ಸಹಿ. ಕಾಗದದ ಮ್ಯಾಲ ಭಾಳ ಛಲೋ ಐತ್ರಿ.

ನಡದದ್ದು ಏನಂದ್ರ, ಇಂಟರ್ನಲ್ಸ್ ಹಿಂದಿನ ವಾರ ಬುಕ್ಕೆಲ್ಲಾ ಒಟ್ಟಿ ಹಾಕಿ ಡಿಪಾರ್ಟ್‌ಮೆಂಟ್ ಮುಂದ ಇಡೋದು. ಸಂಜೀಕ ಎಲ್ಲಾ ಎಂ ಆಗಿ ಬರ್ತಾವು. ನೂರೈವತ್ತು ಮಂದಿ, ಎಲ್ಲಾರೂ ನಿರೀಕ್ಷೆಯಷ್ಟ! ಫೀಡ್‌ಬ್ಯಾಕ್ ಸಿಕ್ತು ಅಂತ ನಾವೂ ಸಹಿ ಹೊಡದ್ವಿ. ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟಿಗೆ ಇಳಿಸೋ ಕೊಳವಿ) ಹಾಕೋದು ನನ್ನ ಬುಕ್ಕಿನ್ಯಾಗ ಸಿ, ಅಂದ್ರ ಪೂರ್ತಿ ಆಗೇತಿ. ಖರೇನ ಹಾಕಿದ್ದು ಇಂಟರ್ನ್‌ಶಿಪ್ಪಿನ್ಯಾಗ, ಅದೂ ಸ್ಟಾಫ್ ಸಿಸ್ಟರ್ ಬಾಜೂಕ ನಿಂತು ಹೇಳಿಕೊಟ್ಟ ಮ್ಯಾಲ. ಕಾಲೇಜ್ ಹೆಸರು ಕೇಳಬ್ಯಾಡ್ರಿ.

ನೈಟ್ ಡ್ಯೂಟಿ ಟ್ಯೂಟರ್

ತಮ್ಮಾ, ಆ ಸಿಸ್ಟರ್‌ಗೆ ಒಂದು ಥ್ಯಾಂಕ್ಸ್ ಹೇಳಿದ್ಯಾ? ತಮಾಷೆಗೆ ಕೇಳಿದೆ.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಈ ಚರ್ಚೆ ಶುರುವಾದಾಗಿನಿಂದ ಬರೀ ಎಂಬಿಬಿಎಸ್ ಮಾತೇ ಆಯ್ತು. ನಮ್ಮಲ್ಲೂ 2021-22ರಿಂದ ಬಿಎಸ್ಸಿ ನರ್ಸಿಂಗ್ ಸೆಮಿಸ್ಟರ್, ಕ್ರೆಡಿಟ್ ಪದ್ಧತಿಗೆ ಬದಲಾಗಿದೆ. ಪ್ರಾಕ್ಟಿಕಲ್‌ನಲ್ಲಿ ಆಸ್ಕಿಯೂ ಇದೆ, ಸಿಮ್ಯುಲೇಷನ್ ಲ್ಯಾಬಿಗೆ ಗಂಟೆಗಳನ್ನೂ ನಿಗದಿ ಮಾಡಿದ್ದಾರೆ.

ಮ್ಯಾನಿಕಿನ್ ಬಗ್ಗೆ ನನಗೆ ದೂರಿಲ್ಲ. ನಾರ್ವೆಯಲ್ಲಿ ಆಟಿಕೆ ಮಾಡ್ತಿದ್ದ ಓಸ್ಮುಂಡ್ ಲಾರ್ಡಾಲ್ 1960ರಲ್ಲಿ ರಿಸಸಿ ಆ್ಯನ್ ಬೊಂಬೆ ತಂದ ಮೇಲೆ ಉಸಿರು ಕೊಡೋದನ್ನ, ಎದೆ ಒತ್ತೋದನ್ನ ಬೊಂಬೆ ಮೇಲೆ ಕಲಿಯೋದು ಸಾಧ್ಯವಾಯ್ತು. ಐವಿ ಕ್ಯಾನುಲಾ, ಕ್ಯಾಥೆಟರ್, ಇಂಜೆಕ್ಷನ್, ಮೊದಲ ನಾಲ್ಕು ತಪ್ಪು ಬೊಂಬೆ ಮೇಲೆ ಆಗಲಿ ಅನ್ನೋಳು ನಾನು. ಆದ್ರೆ ನಮ್ಮ ಹುಡುಗೀರು ಬೊಂಬೆ ಮುಂದೆ "ನಮಸ್ಕಾರ, ನಾನು ನಿಮಗೆ ಕ್ಯಾಥೆಟರ್ ಹಾಕ್ತೀನಿ, ಪರದೆ ಎಳೀತೀನಿ" ಅಂತ ಪಟಪಟ ಹೇಳಿ ಪೂರ್ತಿ ಅಂಕ ತಗೊಂಡು, ಅದೇ ಮಧ್ಯಾಹ್ನ ವಾರ್ಡಿನಲ್ಲಿ ಪರದೆ ಎಳೆಯೋದು ಮರೀತಾರೆ. ವಾರ್ಡಿನಲ್ಲಿ ಆ ಪರದೆಗೆ ಕೊಂಡಿಯೇ ಇರಲ್ಲ, ಅದು ಬೇರೆ ಮಾತು.

ಇನ್ನೊಂದು. ನರ್ಸಿಂಗ್ ವಿದ್ಯಾರ್ಥಿಗಳನ್ನ ಬಹಳ ಕಡೆ ಕೆಲಸದ ಕೈ ಅಂತಲೇ ಲೆಕ್ಕ ಹಾಕ್ತಾರೆ. ಬೆಳಗ್ಗೆ ಬಿಪಿ ಚಾರ್ಟ್, ಬೆಡ್ ಮೇಕಿಂಗ್, ಸ್ಯಾಂಪಲ್ ತಗೊಂಡು ಲ್ಯಾಬಿಗೆ ಓಟ. ಯಾವ ಕೆಲಸ ಕಲಿಕೆ, ಯಾವುದು ಸುಮ್ಮನೆ ದುಡಿಮೆ ಅಂತ ಬೇರೆ ಮಾಡೋರು ಪಕ್ಕದಲ್ಲಿ ಇರಬೇಕು. ಹೊಸ ಪಠ್ಯಕ್ರಮ ಬಂದಾಗ ಫಾರಂ ಜಾಸ್ತಿ ಆಯ್ತೇ ಹೊರತು ಪಕ್ಕದಲ್ಲಿ ನಿಲ್ಲೋರು ಜಾಸ್ತಿ ಆಗ್ಲಿಲ್ಲ.

ಸ್ಯಾಂಪ್ಲಿಂಗ್ ಸಮಸ್ಯೆ

ಹಳೇ ಪರೀಕ್ಷಕ ಸರ್, ಲಾಂಗ್ ಕೇಸಿನ ದೋಷ ಅದು ಉದ್ದ ಇರುವುದರಲ್ಲಿಲ್ಲ, ಒಂದೇ ಒಂದು ಇರುವುದರಲ್ಲಿದೆ. ಎದೆನೋವಿನ ರೋಗಿಯನ್ನು ಚೆನ್ನಾಗಿ ನೋಡಿದವಳು ಕಾಮಾಲೆ ರೋಗಿಯನ್ನೂ ಚೆನ್ನಾಗಿ ನೋಡುತ್ತಾಳೆಂಬ ಖಾತ್ರಿ ಇಲ್ಲ. ಈ ಒಂದು ಸಂಗತಿಯನ್ನು ವೈದ್ಯ ಶಿಕ್ಷಣದ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಆಸ್ಕಿ ಗೆದ್ದಿದ್ದು ಚೆಕ್‌ಲಿಸ್ಟಿನಿಂದ ಅಲ್ಲವೇ ಅಲ್ಲ; ಹತ್ತು ಹದಿನೈದು ಬೇರೆ ಬೇರೆ ಸಮಸ್ಯೆ, ಹತ್ತು ಬೇರೆ ಬೇರೆ ಪರೀಕ್ಷಕರು ಸಿಗುವುದರಿಂದ. ಒಬ್ಬ ಮುಂಗೋಪಿ ಪರೀಕ್ಷಕ ಸಿಕ್ಕರೂ ಉಳಿದ ಒಂಬತ್ತು ಜನ ಸರಿದೂಗಿಸುತ್ತಾರೆ. ಅಷ್ಟೇ ಸಂಖ್ಯೆಯ ಲಾಂಗ್ ಕೇಸ್‌ಗಳನ್ನು, ಪರೀಕ್ಷಕರು ಪಕ್ಕದಲ್ಲಿ ಕೂತು ನೋಡುತ್ತ, ಕೊಡಿಸಿದರೆ ಅದೂ ಆಸ್ಕಿಯಷ್ಟೇ ನಂಬಿಕೆಗೆ ಅರ್ಹ.

ಪಕ್ಕದಲ್ಲಿ ಕೂತು ನೋಡುತ್ತ ಎಂಬುದನ್ನು ಬೇಕೆಂದೇ ಬರೆದೆ. ನಮ್ಮ ಲಾಂಗ್ ಕೇಸಿನಲ್ಲಿ ಮುಕ್ಕಾಲು ಗಂಟೆ ಹುಡುಗ ರೋಗಿಯ ಹತ್ತಿರ ಒಬ್ಬನೇ ಇರುತ್ತಾನೆ. ಪರೀಕ್ಷಕರು ಆಗ ಕಾಫಿ ಕುಡಿಯುತ್ತಿರುತ್ತಾರೆ. ಅವರು ಅಂಕ ಕೊಡುವುದು ಅವನು ಆಮೇಲೆ ಒಪ್ಪಿಸಿದ ವರದಿಗೆ. ರೋಗಿಯನ್ನು ಮುಟ್ಟಿದನೋ ಇಲ್ಲವೋ ದೇವರೇ ಬಲ್ಲ.

ಚೆಕ್‌ಲಿಸ್ಟಿನ ವಿಷಯಕ್ಕೆ ಬಂದರೆ, ಟೊರೊಂಟೊದಲ್ಲಿ ಬ್ರಯನ್ ಹಾಡ್ಜಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮನೋವೈದ್ಯಕೀಯ ಆಸ್ಕಿಗೆ ವಿದ್ಯಾರ್ಥಿಗಳನ್ನೂ, ರೆಸಿಡೆಂಟರನ್ನೂ (ತರಬೇತಿಯಲ್ಲಿದ್ದ ವೈದ್ಯರು), ಅನುಭವಿ ಕುಟುಂಬ ವೈದ್ಯರನ್ನೂ ಕೂರಿಸಿದರು. ಚೆಕ್‌ಲಿಸ್ಟಿನಲ್ಲಿ ಅನುಭವಿಗಳೇ ಹಿಂದೆ ಬಿದ್ದರು! ಅವರು ಎಲ್ಲ ಪ್ರಶ್ನೆ ಕೇಳುವುದಿಲ್ಲ; ಬೇಕಾದ ಮೂರು ಕೇಳಿ ವಿಷಯಕ್ಕೆ ಬರುತ್ತಾರೆ. ಹೊಸಬ ಇಪ್ಪತ್ತನ್ನೂ ಕೇಳಿ ಇಪ್ಪತ್ತಕ್ಕೂ ಟಿಕ್ ಗಿಟ್ಟಿಸುತ್ತಾನೆ. ಹಾಗಾಗಿ ಆಸ್ಕಿ ಇಟ್ಟರೂ ಟಿಕ್ ಗುರುತುಗಳ ಜೊತೆ ಪರೀಕ್ಷಕರ ಒಟ್ಟಾರೆ ಅಭಿಪ್ರಾಯಕ್ಕೂ ಅಂಕ ಇರಲೇಬೇಕು.

ಹಳೇ ಪರೀಕ್ಷಕ

ಕಾಫಿ ಮಾತು ಚುಚ್ಚಿತು. ಸತ್ಯವೂ ಹೌದು. ಟೊರೊಂಟೊ ಸಂಗತಿ ನನ್ನ ವಾದಕ್ಕೇ ಬಲ ಕೊಡುತ್ತದೆ ಎಂದು ತಿಳಿದುಕೊಳ್ಳಲೇ?

ಸ್ಯಾಂಪ್ಲಿಂಗ್ ಸಮಸ್ಯೆ

ಅರ್ಧ ಬಲ ಕೊಡುತ್ತದೆ ಸರ್. ಉಳಿದರ್ಧ ನನ್ನ ಹತ್ತಿರ ಇರಲಿ.

ಮ್ಯಾಂಚೆಸ್ಟರ್ ಮಳೆ

ಬ್ರಿಟನ್ನಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯನಾಗಿದ್ದೇನೆ, ಓದಿದ್ದು ಕರ್ನಾಟಕದಲ್ಲೇ. ಹೊರದೇಶದಲ್ಲಿ ಓದಿದ ವೈದ್ಯರು ಇಲ್ಲಿ ಕೆಲಸ ಮಾಡಲು ಬರೆಯುವ ಪ್ಲ್ಯಾಬ್ ಪರೀಕ್ಷೆಯ ಎರಡನೇ ಭಾಗ ನಡೆಯುವುದು ಮ್ಯಾಂಚೆಸ್ಟರಿನಲ್ಲೇ. 16 ಸ್ಟೇಷನ್, ತಲಾ 8 ನಿಮಿಷ. ನಮ್ಮ ಹುಡುಗರು ರೋಗನಿರ್ಣಯದಲ್ಲಿ ಎಡವುವುದು ಕಡಿಮೆ. ಮಗುವಿನ ತಾಯಿ ಕೋಪದಲ್ಲಿದ್ದಾಳೆ, ಸಮಾಧಾನ ಮಾಡು ಎಂಬ ಸ್ಟೇಷನ್ ಬಂದಾಗ ಬಾಯಿ ಕಟ್ಟುತ್ತದೆ. ಅದಕ್ಕೆ ಕೋಚಿಂಗ್ ಇದೆ. ಅಲ್ಲಿ ಕಲಿತು ಬಂದವರು ಎಲ್ಲದಕ್ಕೂ ಒಂದೇ ರಾಗದಲ್ಲಿ "ನಿಮಗೆ ಎಷ್ಟು ಕಷ್ಟವಾಗಿರಬಹುದು" ಅನ್ನುತ್ತಾರೆ. ರೋಗಿಯಾಗಿ ನಟಿಸುವವರಿಗೂ ಅದು ಗೊತ್ತಾಗಿಬಿಟ್ಟಿದೆ.

ಆದರೆ ಇಲ್ಲಿ ನನ್ನನ್ನು ತಿದ್ದಿದ್ದು ಪರೀಕ್ಷೆಗಿಂತ ಹೆಚ್ಚಾಗಿ ವಾರ್ಡಿನ ಚಿಕ್ಕ ಚಿಕ್ಕ ಗಮನಿಕೆಗಳು. ಮಿನಿ ಸೆಕ್ಸ್ ಅನ್ನುತ್ತಾರೆ (ನಗಬೇಡಿ, ಹೆಸರೇ ಹಾಗೆ. ಸಿ.ಇ.ಎಕ್ಸ್., ಬಿಡಿಸಿಯೇ ಓದಿ). 1995ರಲ್ಲಿ ಅಮೆರಿಕದ ಜಾನ್ ನಾರ್ಸಿನಿ ಮತ್ತು ಸಂಗಡಿಗರು ರೂಪಿಸಿದ್ದು. ಹಿರಿಯರು ಹದಿನೈದು ನಿಮಿಷ ಪಕ್ಕದಲ್ಲಿ ನಿಂತು ನಿಜವಾದ ರೋಗಿಯ ಜೊತೆ ನೀವು ಮಾಡುವುದನ್ನು ನೋಡುತ್ತಾರೆ, ಐದು ನಿಮಿಷ ಹೊರಗೆ ಕರೆದು ಹೇಳುತ್ತಾರೆ. ಕೈಚಳಕದ ಕೆಲಸಗಳಿಗೆ ಡಾಪ್ಸ್ ಅಂತ ಬೇರೆ. ಇಲ್ಲಿ ಫೌಂಡೇಷನ್ ವರ್ಷಗಳಲ್ಲಿ, ಅಂದರೆ ಡಿಗ್ರಿ ಮುಗಿದ ಮೇಲಿನ ತರಬೇತಿಯಲ್ಲಿ, ಇವಕ್ಕೆ ಅಂಕವೇ ಇಲ್ಲ, ಬರೀ ಮಾತು. ಇದರ ಜೊತೆ ನರ್ಸು, ಫಾರ್ಮಸಿಸ್ಟ್ ಎಲ್ಲ ಸೇರಿ ನಿಮ್ಮ ನಡವಳಿಕೆಯ ಬಗ್ಗೆ ಗುಟ್ಟಾಗಿ ಬರೆದುಕೊಡುತ್ತಾರೆ. ಇಂಟರ್ನ್ ಹುಡುಗನ ಆ ಸ್ಟಾಫ್ ಸಿಸ್ಟರ್‌ಗೆ ಇಲ್ಲಾಗಿದ್ದರೆ ಒಂದು ಫಾರಂ ಹೋಗುತ್ತಿತ್ತು.

ಇಲ್ಲೆಲ್ಲ ಚೆನ್ನ ಅಂತ ಅಲ್ಲ. ತರಬೇತಿ ವರ್ಷದ ಕೊನೆಯಲ್ಲಿ ಇ-ಪೋರ್ಟ್‌ಫೋಲಿಯೊ ತುಂಬಿಸಲು ಕನ್ಸಲ್ಟೆಂಟರ ಹಿಂದೆ ಅಲೆಯುವುದು ಇಲ್ಲೂ ಇದೆ.

ಥರ್ಡ್ ಫೇಸ್

ಅಮೆರಿಕದಲ್ಲಿ ಇಂಥ ಪರೀಕ್ಷೆ ನಿಲ್ಲಿಸಿದರಂತಲ್ಲ? ಅಲ್ಲೇ ಬೇಡ ಅಂದಿದ್ದು ನಮಗೆ ಯಾಕೆ?

ಸ್ಯಾಂಪ್ಲಿಂಗ್ ಸಮಸ್ಯೆ

ಯುಎಸ್‌ಎಂಎಲ್‌ಇ, ಅಂದರೆ ಅಲ್ಲಿನ ವೈದ್ಯರ ಪರವಾನಗಿ ಪರೀಕ್ಷೆಯ, ಸ್ಟೆಪ್ 2 ಸಿಎಸ್ ಎಂಬ ಭಾಗದ ಬಗ್ಗೆ ಹೇಳುತ್ತಿದ್ದೀರಿ. 2004ರಲ್ಲಿ ಶುರು, ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ತಡೆದರು, 2021ರ ಜನವರಿಯಲ್ಲಿ ಪೂರ್ತಿ ಕೈಬಿಟ್ಟರು. 12 ನಟ-ರೋಗಿಗಳು, ದೇಶದಲ್ಲಿ ಐದೇ ಊರಲ್ಲಿ ಕೇಂದ್ರ, ಶುಲ್ಕ ಸಾವಿರ ಡಾಲರಿಗೂ ಮೇಲೆ. ಅಲ್ಲಿಯದೇ ವಿದ್ಯಾರ್ಥಿಗಳಲ್ಲಿ ನಪಾಸಾಗುತ್ತಿದ್ದವರು ತೀರ ಕಡಿಮೆ. ಇಷ್ಟು ಖರ್ಚು ಮಾಡಿ ಯಾರನ್ನು ಹಿಡಿದಂತಾಯಿತು ಎಂದು ವಿದ್ಯಾರ್ಥಿಗಳೇ ವರ್ಷಗಟ್ಟಲೆ ಕೂಗಾಡಿದ್ದರು. ಆದರೆ ರಾಷ್ಟ್ರಮಟ್ಟದ ಪರೀಕ್ಷೆ ಹೋಯಿತೇ ಹೊರತು ಕಾಲೇಜುಗಳೊಳಗಿನ ಆಸ್ಕಿ ಹೋಗಲಿಲ್ಲ. ನಟ-ರೋಗಿಯನ್ನು ಹುಟ್ಟುಹಾಕಿದ್ದೇ ಅವರು. 1963ರಲ್ಲಿ ಲಾಸ್ ಏಂಜಲೀಸ್‌ನ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್.

ಎರಡನೇ ವಾರ್ಡಿನ ಮಗಳು

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅಪ್ಪನನ್ನು ಬೋಧನಾ ಆಸ್ಪತ್ರೆಗೆ ಸೇರಿಸಿದ್ದಾಗ ದಿನಾ ಬೆಳಗ್ಗೆ ಹುಡುಗ ಹುಡುಗಿಯರ ಗುಂಪು ಬಂದು ಹೊಟ್ಟೆ ಒತ್ತಿ ನೋಡಿ ಹೋಗುತ್ತಿತ್ತು. ಒಬ್ಬಳು ಮಾತ್ರ ಒತ್ತುವ ಮೊದಲು ತನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು, "ಅಣ್ಣಾ, ನೋವಾದ್ರೆ ಹೇಳಿ" ಅಂದಳು. ಅಪ್ಪನಿಗೆ ಇವತ್ತಿಗೂ ಅವಳೇ ಡಾಕ್ಟರ್. ನೀವು ಹೇಳುವ ಈ ಫಾರಂಗಳಲ್ಲಿ ನಮ್ಮನ್ನು ಯಾರಾದರೂ ಕೇಳುತ್ತಾರಾ?

ಇನ್ನೊಂದು ವಿಷಯ, ಅರ್ಧ ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ. ಅಪ್ಪ ಹೇಳಿದ್ದನ್ನು ಪಕ್ಕದ ಬೆಡ್ಡಿನವರು ಹಿಂದಿಗೆ ತಿರುಗಿಸುತ್ತಿದ್ದರು.

ನೈಟ್ ಡ್ಯೂಟಿ ಟ್ಯೂಟರ್

ಒಳ್ಳೇ ಪ್ರಶ್ನೆ ಅಕ್ಕ. ಮೊದಲ ವರ್ಷದ ಫೌಂಡೇಷನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆ ಕಲಿಸಬೇಕು ಅಂತ ಸಿಬಿಎಂಇಯಲ್ಲಿ ಬರೆದಿದೆ. ಮಕ್ಕಳು "ಎಲ್ಲಿ ನೋವು, ಎಷ್ಟು ದಿನದಿಂದ" ಬಾಯಿಪಾಠ ಮಾಡ್ತಾರೆ. ಅಜ್ಜ "ಎದ್ಯಾಗ ಕಿಚ್ಚು ಬಿದ್ದಂಗ ಆಗ್ತೈತವ್ವಾ" ಅಂದ್ರೆ ಮುಖ ಮುಖ ನೋಡ್ತಾ ನಿಲ್ತಾರೆ. ಆಸ್ಕಿಯಲ್ಲಿ ಒಂದು ಸ್ಟೇಷನ್ ಕಡ್ಡಾಯವಾಗಿ ನಮ್ಮ ಆಯಮ್ಮನ ಕೈಲೋ ವಾರ್ಡ್ ಅಟೆಂಡರ್ ಕೈಲೋ ರೋಗಿ ಪಾತ್ರ ಮಾಡಿಸಿ. ಊರಿನ ಮಾತು ಹಾಗೇ ಬರಲಿ. ನಾವು ಮಾಡಿಸಿದ್ವಿ. ಆಯಮ್ಮ ಬರೆದುಕೊಟ್ಟ ಡೈಲಾಗ್ ಬಿಟ್ಟು ತನ್ನ ನಿಜವಾದ ಗ್ಯಾಸ್ಟ್ರಿಕ್ ಕಥೆನೇ ಹೇಳ್ಕೊಂಡ್ರು, ಅದು ಇನ್ನೂ ಚೆನ್ನಾಗಾಯ್ತು.

ಇಂಟರ್ನ್ ಹುಡುಗ

ಮೇಡಂ, ಎಟ್‌ಕಾಮ್ ಕ್ಲಾಸಿಗೂ ಇದನ್ನ ಮಾಡ್ರಿ. ನಡವಳಿಕೆ, ನೀತಿ, ಸಂವಹನ ಅಂತ ಛಲೋ ಮಾಡ್ಯೂಲ್ ಅದಾವು. ನಮಗ ಪಿಪಿಟಿ ಹಾಕಿ ಓದಿಸಿದ್ರು. "ಸಹಾನುಭೂತಿಯ ಐದು ಲಕ್ಷಣ ಬರೀರಿ" ಅಂತ ಪ್ರಶ್ನೆ ಬಂತು. ನಾಲ್ಕು ಬರದೆ.

ವಾರ್ಡ್ ರೌಂಡ್ಸ್

ಎಲ್ಲವನ್ನೂ ಓದಿದೆ. ಕೂತು ಲೆಕ್ಕ ಹಾಕಿದೆ, ಗಂಟೆ ಹೊಡೆಯುವವರ ದಾರಿಯಲ್ಲೇ.

ನಮ್ಮ ಯೂನಿಟ್‌ಗೆ ಒಂದು ಪೋಸ್ಟಿಂಗ್‌ನಲ್ಲಿ (ವಾರ್ಡಿನಲ್ಲಿ ಕಲಿಯುವ ಸರದಿ) 12 ಮಕ್ಕಳು, ನಾಲ್ಕು ವಾರ. ಬೋಧಕರು ಸೀನಿಯರ್ ರೆಸಿಡೆಂಟ್ ಸೇರಿ 4 ಜನ. ಪ್ರತಿ ಮಗುವನ್ನು ನಾಲ್ಕು ಸಲ, ಬೇರೆ ಬೇರೆ ರೋಗಿ, ಬೇರೆ ಬೇರೆ ಬೋಧಕರು, ತಲಾ 20 ನಿಮಿಷ ಗಮನಿಸಿದರೆ 48 ಸಲ, ಅಂದರೆ 16 ಗಂಟೆ. ಒಬ್ಬೊಬ್ಬರಿಗೆ ನಾಲ್ಕು ವಾರದಲ್ಲಿ 4 ಗಂಟೆ. ವಾರಕ್ಕೆ ಒಂದೇ ಗಂಟೆ! ರೌಂಡ್ಸ್ ಮುಗಿದ ಮೇಲೆ ನಾವು ಹರಟುವುದೇ ಅಷ್ಟಿರುತ್ತದೆ.

ಆದ್ದರಿಂದ ವಿಭಾಗದ ಮುಂದೆ ಇಡುವುದು ಇದು. ಇಂಟರ್ನಲ್ಸ್‌ಗೆ ಆಸ್ಕಿ ಇರಲಿ, ಆದರೆ ಎಂಟೇ ಸ್ಟೇಷನ್, ಅದರಲ್ಲಿ ಐದರಲ್ಲಿ ಪರೀಕ್ಷಕರು ಕೂತಿರಲೇಬೇಕು. ಕೂರಲು ಜನ ಇಲ್ಲದಿದ್ದರೆ ಸ್ಟೇಷನ್ ಕಡಿಮೆಯಾಗಲಿ. ಲಾಂಗ್ ಕೇಸನ್ನು ಪರೀಕ್ಷೆಯಿಂದ ತೆಗೆದು ಪೋಸ್ಟಿಂಗ್ ಒಳಗೆ ತರೋಣ, ಪಕ್ಕದಲ್ಲಿ ನಿಂತು ನೋಡುವ ಷರತ್ತಿನ ಮೇಲೆ. ಲಾಗ್‌ಬುಕ್ ಸಹಿ ಅದೇ ದಿನ, ಅದೇ ಬೆಡ್ಡಿನ ಹತ್ತಿರ. ಮರುದಿನ ತಂದ ಪುಸ್ತಕಕ್ಕೆ ಸಹಿ ಇಲ್ಲ. ಹುಡುಗರಿಗೆ ಕಟ್ಟುನಿಟ್ಟು ಅನ್ನಿಸಬಹುದು, ನಿಜವಾಗಿ ಕಷ್ಟ ನಮಗೇ.

ಯೂನಿವರ್ಸಿಟಿ ಪರೀಕ್ಷೆಯಲ್ಲಿ ಲಾಂಗ್ ಕೇಸ್ ಇದ್ದೇ ಇದೆ. ಅದನ್ನು ಬದಲಿಸುವುದು ನಮ್ಮ ಕೈಲಿಲ್ಲ, ಮಕ್ಕಳಿಗೆ ಅಭ್ಯಾಸ ತಪ್ಪದಿರಲೂ ಈ ವ್ಯವಸ್ಥೆ ಬೇಕು.

ಗಂಟೆ ಹೊಡೆಯುವವನು

ಲೆಕ್ಕ ಸರಿ ಇದೆ. ಒಂದು ತೂತು: ಇನ್‌ಸ್ಪೆಕ್ಷನ್ ಇರುವ ತಿಂಗಳು ಆ ನಾಲ್ವರಲ್ಲಿ ಇಬ್ಬರು ಫೈಲ್ ಹಿಡಿದುಕೊಂಡು ಆಫೀಸಿನಲ್ಲಿರುತ್ತಾರೆ.

ಹಳೇ ಪರೀಕ್ಷಕ

ಆ ತಿಂಗಳು ನಮ್ಮಂಥ ನಿವೃತ್ತರನ್ನು ಕರೆಯಿರಿ. ಬಸ್ ಚಾರ್ಜು, ಊಟ ಸಾಕು, ಪರೀಕ್ಷೆಯ ರೋಗಿಗಳಿಗೆ ಕೊಟ್ಟ ಹಾಗೆ.

ಇಂಟರ್ನ್ ಹುಡುಗ

ವಾರ್ಡ್ ರೌಂಡ್ಸ್ ಸರ, ಗಮನಿಸೋ ಕಾರ್ಡಿನ್ಯಾಗ ಏನೇನ್ ಇರ್ತೈತಿ? ನಮ್ಮ ಜೂನಿಯರ್‌ಗಳಿಗೆ ನಾವ ಇಂಟರ್ನ್‌ಗಳು ಶುರು ಮಾಡ್ತೀವಿ. ಸಹಿ ಇಲ್ಲದಿದ್ರೂ ನಡೀತೈತಿ.

ವಾರ್ಡ್ ರೌಂಡ್ಸ್

ಅಂಗೈಯಗಲದ ಕಾರ್ಡ್ ಸಾಕಪ್ಪ. ಮೇಲೆ ರೋಗಿಯ ಸಮಸ್ಯೆ ಒಂದು ಸಾಲು. ಹೆಸರು, ಐಪಿ ನಂಬರ್ ಬೇಡ. ಕೇಳಿ ತಿಳಿದದ್ದು, ಮುಟ್ಟಿ ನೋಡಿದ್ದು, ಯೋಚಿಸಿದ್ದು, ರೋಗಿಗೆ ವಿವರಿಸಿದ್ದು, ಈ ನಾಲ್ಕರ ಮುಂದೆ ಖಾಲಿ ಜಾಗ, ಅಂಕ ಬೇಡ. ಕೆಳಗೆ 'ಮುಂದಿನ ಸಲ ಬೇರೆ ರೀತಿ ಮಾಡಬೇಕಾದ ಒಂದೇ ಸಂಗತಿ' ಎಂದು ಒಂದು ಸಾಲು, ಅದನ್ನು ಜೂನಿಯರೇ ತನ್ನ ಕೈಯಲ್ಲಿ ಬರೆಯಲಿ. ಹಿಂಬದಿಯಲ್ಲಿ ರೋಗಿಗೊಂದು ಪ್ರಶ್ನೆ, ಎರಡನೇ ವಾರ್ಡಿನ ಮಗಳು ಕೇಳಿದ್ದಕ್ಕೆ: 'ಇವರು ಹೇಳಿದ್ದು ನಿಮಗೆ ತಿಳಿಯಿತೇ?' ಓದಲು ಬಾರದವರನ್ನು ಬಾಯಲ್ಲೇ ಕೇಳಿ ಬರೆದುಕೊಳ್ಳಿ, ಕೇಳುವಾಗ ಜೂನಿಯರನ್ನು ಹೊರಗೆ ಕಳಿಸಿ. ನಮೂನೆ ಟೈಪ್ ಮಾಡಿಸಿ ನಾಳೆ ಇಲ್ಲೇ ಹಾಕುತ್ತೇನೆ.